ತೋಟಕ್ಕೆ ಯಾವ ತೋಟೆ?

ಪೇಟೆಯ ಕೋವಿ ಅಂಗಡಿಯ ಕೌಂಟರಿನ ಮುಂದೆ ನಿಂತಿದ್ದೆವು, ಅಪ್ಪ ಮತ್ತು ನಾನು. ಅಂಗಡಿಯವರು ಅಪ್ಪನ ಲೈಸನ್ಸ್ ಪುಸ್ತಕ ತಿರುವಿ ಹಾಕಿ, ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಯಾವುದು ಕೊಡ್ಲಿ? ಎಲ್‌ಜಿಯಾ, ಬಿಬಿಯಾ, ನಾಲ್ಕು ನಂಬರಾ?"

ಅಪ್ಪ ನನ್ನ ಕಡೆ ತಿರುಗಿದರು. "ನೀನೇ ಹೇಳು ಮಾರಾಯ. ಇನ್ನು ನಿನ್ನದಲ್ವಾ ಅದು."

ನನಗೆ ಉತ್ತರ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಹನ್ನೆರಡು ವರ್ಷದಿಂದ ಸಾಫ್ಟ್‌ವೇರ್ ಕೆಲಸ. ಕೋವಿ ಬಗ್ಗೆ ನನಗಿದ್ದ ಜ್ಞಾನ ಅರ್ಧ ತೇಜಸ್ವಿಯವರ ಪುಸ್ತಕಗಳಿಂದ, ಇನ್ನರ್ಧ ಪಬ್‌ಜಿಯಿಂದ ಬಂದದ್ದು. ಅಪ್ಪನಿಗೆ ಎಪ್ಪತ್ತು ದಾಟಿದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸನ್ಸ್‌ದಾರರಿಗೆ ಎಪ್ಪತ್ತಾದರೆ, ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಅದನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬಹುದು. ನಾನು ಹೂಂ ಅಂದರೆ ತರಬೇತಿ, ಪೊಲೀಸ್ ವರದಿ, ಓಡಾಟ. ಬೇಡ ಅಂದರೆ ಕೋವಿಯನ್ನು ಒಪ್ಪಿಸಿ ಕೈ ತೊಳೆದುಕೊಳ್ಳುವುದು. ಆ ತೀರ್ಮಾನ ಆಗುವ ಮೊದಲೇ ಈ ಪ್ರಶ್ನೆ ಬಂತು: ಯಾವ ತೋಟೆ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಕಾಡತೂಸಿಗೆ ತೋಟೆ ಅಂತಾರೆ. ತೋಟ ಕಾಯಲಿಕ್ಕೆ ತೋಟೆ, ಶಬ್ದದಲ್ಲೇ ಪ್ರಾಸ ಉಂಟು. ಕಾಡತೂಸು ಅನ್ನುವ ಪದ ಪೋರ್ಚುಗೀಸರದ್ದು. ತುಳುವಿನಲ್ಲಿ ಕೋವಿಗೂ ಬೆಡಿ, ಪುತ್ತೂರು ಮಹಾಲಿಂಗೇಶ್ವರನ ಏಪ್ರಿಲ್ ಜಾತ್ರೆಯ ಸುಡುಮದ್ದಿಗೂ ಬೆಡಿ. ಎರಡಕ್ಕೂ ಒಂದೇ ಹೆಸರು ಯಾಕೆ ಅನ್ನೋದು ನನಗೆ ಅರ್ಥ ಆದದ್ದು ಈ ಬರಹದ ಕೊನೆಗೆ ಬರುವ ಹೊತ್ತಿಗೆ.

ಮೊದಲು ಅಜ್ಜನ ಕಥೆ ಹೇಳಬೇಕು.

ನಮ್ಮದು ರಾಮಕುಂಜ. ಮೊದಲು ಪುತ್ತೂರು ತಾಲೂಕು, ಈಗ ಕಡಬ. ಉಪ್ಪಿನಂಗಡಿಯಿಂದ ಕಡಬದ ಕಡೆ ಹೋಗುವಾಗ ಸಿಗುತ್ತದೆ. ಇಲ್ಲಿ ಬಯಲುಸೀಮೆಯ ಹಾಗೆ ಊರು ಒಂದು ಕಡೆ, ಹೊಲ ಒಂದು ಕಡೆ ಅಂತ ಇಲ್ಲ. ಪ್ರತಿಯೊಂದು ಮನೆಯೂ ಅದರದರ ತೋಟದ ಒಳಗೇ ಇರುತ್ತದೆ. ಒಂದು ಗುಡ್ಡದ ಬದಿಯಲ್ಲಿ ನಮ್ಮ ಮನೆ, ಕೆಳಗೆ ಅಡಿಕೆ ತೋಟ, ತೋಡು, ತೋಡಿನ ಆಚೆ ಪಕ್ಕದವರ ತೋಟ, ಅದರ ಮೇಲೆ ಅವರ ಮನೆ. ರಾತ್ರಿ ನೋಡಿದರೆ ಆಚೆಯ ದೀಪ ಮಾತ್ರ ಕಾಣುತ್ತದೆ.

ಎಂಬತ್ತರ ದಶಕದ ಒಂದು ರಾತ್ರಿ ಹಂದಿಗಳು ಬಂದವು. ಮರಗೆಣಸು ಅಗೆಯುವ ಸದ್ದು ಕೇಳಿ ಅಜ್ಜ ಎದ್ದರು. ಒಂಟಿ ನಳಿಗೆಯ ತೋಟೆ ಕೋವಿಗೆ ಎಲ್‌ಜಿ ಹಾಕಿದರು, ಟಾರ್ಚಿನ ಬೆಳಕಿನಲ್ಲಿ ಒಂದು ಈಡು ಹೊಡೆದರು. ಹಂದಿಗಳು ಓಡಿದವು. ಯಾವುದಕ್ಕೂ ತಾಗಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಾಗಿತ್ತು, ಅನುಮತಿ ಇಲ್ಲದೆ ಹಂದಿಗೆ ಗುಂಡು ಹಾರಿಸುವುದು ತಪ್ಪು. ಅಜ್ಜನಿಗೆ ಅದು ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಊರಲ್ಲಿ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ, ಅಷ್ಟೆ.

ಬೆಳಿಗ್ಗೆ ಆಚೆ ಮನೆಯವರು ಬಂದರು. ಜಗಳಕ್ಕಲ್ಲ. "ಒಮ್ಮೆ ಬನ್ನಿ, ಒಂದು ತೋರಿಸ್ಲಿಕ್ಕುಂಟು" ಅಂತ ಕರೆದುಕೊಂಡು ಹೋದರು. ಅವರ ಮನೆಯ ಹಲಸಿನ ಮರದ ಬಾಗಿಲಲ್ಲಿ, ನೆಲದಿಂದ ಮೂರಡಿ ಎತ್ತರದಲ್ಲಿ, ಕಡಲೆ ಗಾತ್ರದ ಸೀಸದ ಉಂಡೆ ಅರ್ಧ ಹುಗಿದು ನಿಂತಿತ್ತು. ಆ ಬಾಗಿಲಿನ ಒಳಗೆ ಅವರ ತಾಯಿ ಚಾಪೆ ಹಾಕಿ ಮಲಗುತ್ತಿದ್ದದ್ದು. ಅಜ್ಜ ಏನೂ ಮಾತಾಡಲಿಲ್ಲವಂತೆ. ಮನೆಗೆ ಬಂದು ಉಳಿದ ಎಲ್‌ಜಿ ತೋಟೆಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ, ಅಂಗಡಿಗೆ ವಾಪಸು ಕೊಟ್ಟು ಬಂದರಂತೆ.

ಅಪ್ಪ ಈ ಕಥೆಯನ್ನು ನನಗೆ ಹೇಳಿದ್ದು ಅಂಗಡಿಯಿಂದ ಬರಿಗೈಯಲ್ಲಿ ವಾಪಸಾಗುವಾಗ, ಕಾರಿನಲ್ಲಿ. ಮನೆಗೆ ಬಂದು ಫೋನಿನ ಮ್ಯಾಪಿನಲ್ಲಿ ಅಳೆದೆ. ಅಜ್ಜ ನಿಂತ ಜಾಗದಿಂದ ಆ ಬಾಗಿಲಿಗೆ 260 ಮೀಟರ್. ಟಾರ್ಚಿನ ಬೆಳಕು ಮುಟ್ಟಿದ್ದು ಹೆಚ್ಚೆಂದರೆ ನಲವತ್ತು ಮೀಟರ್. ಉಳಿದ 220 ಮೀಟರ್ ಕತ್ತಲೆಯಲ್ಲಿ ಆ ಉಂಡೆ ಅಜ್ಜನ ಹೆಸರಿನಲ್ಲೇ ಹೋಗಿತ್ತು. ಅವತ್ತಿನಿಂದ ಈ ವಿಷಯ ಓದಲಿಕ್ಕೆ ಕೂತೆ.

ಅಜ್ಜನ ಅಪ್ಪನ ಕಾಲದಲ್ಲಿ ಇದ್ದದ್ದು ಕೇಪಿನ ಕೋವಿ. ಬಾಯಿಯಿಂದ ತುಂಬಿಸುವಂಥದ್ದು. ಮದ್ದು ಸುರಿಯಬೇಕು, ನಾರು ತುರುಕಿ ಗಜದಿಂದ ಗುದ್ದಬೇಕು, ಚರೆ ಹಾಕಬೇಕು, ಮತ್ತೆ ನಾರು ಒತ್ತಬೇಕು, ಹಿಂದೆ ಒಂದು ಕೇಪು ಕೂರಿಸಬೇಕು. ಕೇಪಿನ ಹಿಂದೆಯೂ ಒಂದು ಕಥೆ ಉಂಟು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ಗೆ ಹಕ್ಕಿ ಹೊಡೆಯುವ ಹುಚ್ಚು. ಆಗಿನ ಕಲ್ಲಿನ ಕೋವಿಯಲ್ಲಿ ಮೊದಲು ಕಿಡಿ ಹಾರಿ, ಆಮೇಲೆ ಗುಂಡು ಹೊರಡುತ್ತಿತ್ತು. ಅಷ್ಟರಲ್ಲಿ ಹಕ್ಕಿ ಹಾರಿ ಹೋಗುತ್ತಿತ್ತು. ಅದಕ್ಕಾಗಿ ಪೆಟ್ಟು ಬಿದ್ದ ಕೂಡಲೇ ಸಿಡಿಯುವ ರಸಾಯನ ಬಳಸುವ ವಿಧಾನ ಹುಡುಕಿ 1807ರಲ್ಲಿ ಪೇಟೆಂಟ್ ಪಡೆದರು. ಅದರಿಂದಲೇ ಮುಂದೆ ಕೇಪು ಬಂತು. ಮಳೆಯ ಊರಿಗೆ ಇದು ದೊಡ್ಡ ಉಪಕಾರ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಮ್ಮಲ್ಲಿ ಕಿಡಿ ನಂಬಿ ಕೂತರೆ ಆಗುತ್ತದಾ?

ಕೇಪಿನ ಕೋವಿಯಲ್ಲಿ 'ಯಾವ ತೋಟೆ' ಅನ್ನುವ ಪ್ರಶ್ನೆಯೇ ಇರಲಿಲ್ಲ. ಪ್ರತಿ ಈಡಿಗೂ ಮದ್ದು ಎಷ್ಟು, ಚರೆ ಎಷ್ಟು, ದಪ್ಪದ್ದಾ ಸಣ್ಣದ್ದಾ ಅಂತ ಕೈಯೇ ತೀರ್ಮಾನ ಮಾಡಬೇಕಿತ್ತು. ಹೆಚ್ಚು ತುಂಬಿಸಿದರೆ ನಳಿಗೆ ಒಡೆದು ನಮ್ಮ ಮುಖಕ್ಕೇ ಬರುತ್ತದೆ. ಹಾಗಾಗಿ ಮನುಷ್ಯನಿಗೆ ತಾನು ಏನು ತುಂಬಿಸುತ್ತಿದ್ದೇನೆ ಅಂತ ಗೊತ್ತಿರುತ್ತಿತ್ತು. ತೋಟೆ ಕೋವಿ ಬಂದ ಮೇಲೆ ಆ ಲೆಕ್ಕ ಕಾರ್ಖಾನೆಗೆ ಹೋಯಿತು. ನಮ್ಮ ಪಾಲಿಗೆ ಉಳಿದದ್ದು ಪೆಟ್ಟಿಗೆ ಮೇಲಿನ ಎರಡು ಅಕ್ಷರ. ಕಾಗದದ ತೋಟೆಗಳ ಕಾಲದಲ್ಲಿ ಮಳೆಗಾಲದ ತೇವಕ್ಕೆ ಅವು ಉಬ್ಬಿ ನಳಿಗೆಯ ಒಳಗೆ ಹೋಗುತ್ತಿರಲಿಲ್ಲ, ಹೋದರೆ ಹೊರಗೆ ಬರುತ್ತಿರಲಿಲ್ಲ. ಅಜ್ಜ ಅವನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಡುತ್ತಿದ್ದರು. ಅರವತ್ತರ ದಶಕದಲ್ಲಿ ಪ್ಲಾಸ್ಟಿಕ್ ತೋಟೆ ಜಗತ್ತಿಗೆ ಬಂತು, ಆ ತಾಪತ್ರಯ ಮುಗಿಯಿತು.

ಇನ್ನು ಯಾರಿಗೆ ಯಾವ ಕೋವಿ ಸಿಕ್ಕಿತು ಅನ್ನುವ ಪ್ರಶ್ನೆ. ಇಲ್ಲಿ ನಮ್ಮ ಸೀಮೆಯ ಚರಿತ್ರೆ ಸ್ವಲ್ಪ ವಿಚಿತ್ರ.

ಸುಳ್ಯ, ಪುತ್ತೂರಿನ ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿ ಇದ್ದವು. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡಾಗ ಇವನ್ನು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಇನ್ನು ನಗದಾಗಿ ಕೊಡಿ ಅಂದರು. ಅದರ ಸಿಟ್ಟು 1837ರಲ್ಲಿ ಸ್ಫೋಟವಾಯಿತು. ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು, ಬಂಟ್ವಾಳ ದಾಟಿ ರೈತರ ದಂಡು ಮಂಗಳೂರಿಗೆ ಹೋಗಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿತು. ಎರಡು ವಾರದೊಳಗೆ ಎಲ್ಲ ಮುಗಿಯಿತು, ನಾಯಕರು ಗಲ್ಲಿಗೆ ಹೋದರು. ಮಂಗಳೂರಿಗೆ ಹೋದಾಗ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನೋಡಿರುತ್ತೀರಿ. 2022ರಲ್ಲಿ ನಿಲ್ಲಿಸಿದ್ದು.

ಇದಾಗಿ 24 ವರ್ಷಕ್ಕೆ, 1861ರಲ್ಲಿ, ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಹೊರಗಿಟ್ಟರು. ಹೌದು, ನಮ್ಮ ಕಬ್ಬನ್ ಪಾರ್ಕಿನ ಕಬ್ಬನ್ನೇ. 1857ರ ದಂಗೆಯ ಹೊತ್ತಿನಲ್ಲಿ ತೋರಿಸಿದ ನಿಷ್ಠೆಗೆ ಕೊಟ್ಟ ಬಹುಮಾನ ಅದು. ಆ ದಂಗೆಯ ಕಿಡಿಯೂ ಒಂದು ಕಾಡತೂಸೇ ಅನ್ನೋದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ: ಎನ್‌ಫೀಲ್ಡ್ ಬಂದೂಕಿನ, ಕೊಬ್ಬು ಸವರಿದ, ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಕಾಗದದ ಪೊಟ್ಟಣ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಈಗಲೂ ಉಂಟು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು.

ಘಟ್ಟದ ಈಚೆ ನಾವು ಮದ್ರಾಸ್ ಪ್ರಾಂತ್ಯದವರಾದೆವು. 1878ರ ಆಯುಧ ಕಾಯ್ದೆ ಬಂತು, ಕೋವಿಗೆ ಸರ್ಕಾರದ ಚೀಟಿ ಬೇಕಾಯಿತು. ಒಂದೇ ಅರಸರ ಕೆಳಗಿದ್ದ ಎರಡು ಸೀಮೆಗಳಲ್ಲಿ ಕೋವಿಯ ಅರ್ಥವೇ ಬೇರೆ ಬೇರೆ ಆಯಿತು. ಕೊಡವರ ಐನ್‌ಮನೆಯಲ್ಲಿ ಅದು ಪೂಜೆಯ ವಸ್ತು. ಕೈಲ್‌ಪೋಳ್ದ್ ಹಬ್ಬದಲ್ಲಿ ಹೂ ಏರುತ್ತದೆ. ನಮ್ಮ ಮನೆಯಲ್ಲಿ ಅದು ಹಾರೆ, ಕತ್ತಿಗಳ ಸಾಲಿಗೆ ಸೇರಿದ, ಲೈಸನ್ಸ್ ಇರುವ ಒಂದು ಕೃಷಿ ಸಾಮಾನು.

1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿದ್ದರು. ಸಂವಿಧಾನ ಬರುವಾಗ ಅದು ಉಳಿಯಲಿಲ್ಲ. ಬಂದದ್ದು 1959ರ ಆಯುಧ ಕಾಯ್ದೆ, ಜಾರಿಯಾದದ್ದು 1962ರ ಅಕ್ಟೋಬರ್ 1ರಂದು. ಅದರ 13ನೇ ಕಲಮಿನಲ್ಲಿ ನಮ್ಮ ತೋಟದ ಬಗ್ಗೆ ನೇರವಾಗಿ ಬರೆದಿದೆ. ರಕ್ಷಣೆಗೆ ಅಥವಾ ಕ್ರೀಡೆಗೆ ಕೇಳಿದರೆ, ಒಳಗೆ ನಯವಾಗಿರುವ, 20 ಇಂಚಿಗೆ ಕಡಿಮೆ ಇಲ್ಲದ ನಳಿಗೆಯ ಕೋವಿಗೆ ಲೈಸನ್ಸ್. ಬೆಳೆ ರಕ್ಷಣೆಗಾದರೆ ಬಾಯಿಯಿಂದ ತುಂಬಿಸುವ ಕೋವಿಗೆ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಮಾತ್ರ ತೋಟೆ ಕೋವಿ. ಜೊತೆಗೆ 6ನೇ ಕಲಮು: ನಳಿಗೆ ಕತ್ತರಿಸಿ ಗಿಡ್ಡ ಮಾಡಲಿಕ್ಕೇ ಬೇರೆ ಲೈಸನ್ಸ್ ಬೇಕು.

ಈ 'ನಯವಾದ' ಮತ್ತು '20 ಇಂಚು' ಎರಡನ್ನೂ ಸ್ವಲ್ಪ ಬಿಡಿಸಬೇಕು. ರೈಫಲಿನ ನಳಿಗೆಯ ಒಳಗೆ ಸುರುಳಿ ಗೀರು ಇರುತ್ತದೆ. ಗುಂಡು ಬುಗುರಿಯ ಹಾಗೆ ತಿರುಗುತ್ತಾ ನೇರ ದೂರ ಹೋಗುತ್ತದೆ. ನಯ ನಳಿಗೆಯಲ್ಲಿ ಗೀರಿಲ್ಲ. ಅದರಿಂದ ಹೊರಡುವ ಚರೆ ಹರಡುತ್ತದೆ, ಬೇಗ ಸುಸ್ತಾಗುತ್ತದೆ. ಇನ್ನು ಗಿಡ್ಡ ನಳಿಗೆ. ಕೋಟಿನೊಳಗೆ ಅಡಗುತ್ತದೆ ಅನ್ನೋದು ಎಲ್ಲ ಸರ್ಕಾರಗಳ ತಲೆನೋವು. ಅಮೆರಿಕದಂಥ ಅಮೆರಿಕವೇ 1934ರ ಕಾಯ್ದೆಯಲ್ಲಿ ಗಿಡ್ಡ ನಳಿಗೆಗಳನ್ನು ಪ್ರತ್ಯೇಕವಾಗಿ ನೋಂದಾಯಿಸಬೇಕು ಅಂದಿತು. ಈಗ ಅಲ್ಲಿ ಗೆರೆ ರೈಫಲಿಗೆ 16 ಇಂಚು, ಚರೆ ಕೋವಿಗೆ 18.

ರೈಫಲಿನ ನಳಿಗೆ ಗಿಡ್ಡ ಮಾಡಿದರೆ ಇನ್ನೊಂದು ತೊಂದರೆ. ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಗೆ ಬಂದುಬಿಡುತ್ತದೆ, ವೇಗ ಕಡಿಮೆಯಾಗುತ್ತದೆ. ಹಾಗಾಗಿ ಗಿಡ್ಡ ರೈಫಲಿಗೆ ಅಂತಲೇ, ಬೇಗ ಉರಿಯುವ ಮದ್ದಿನ, ಭಾರದ ಗುಂಡಿನ ತೋಟೆಗಳನ್ನು ಮಾಡುತ್ತಾರೆ. 2011ರಲ್ಲಿ ಬಂದ .300 ಬ್ಲ್ಯಾಕೌಟ್ ಅಂಥದ್ದು. ಪಬ್‌ಜಿಯಲ್ಲಿ 'ಹತ್ತಿರಕ್ಕೆ ಇದು, ದೂರಕ್ಕೆ ಅದು' ಅಂತ ಗನ್ ಬದಲಾಯಿಸುತ್ತೀರಲ್ಲ, ಹೊರಗಿನ ಜಗತ್ತಿನಲ್ಲಿ ಅದರ ಅರ್ಧ ಕೆಲಸ ತೋಟೆಯದ್ದು.

ಹತ್ತಿರದ ರಕ್ಷಣೆಗೆ ಯಾವ ಗುಂಡು ಅನ್ನುವ ಚರ್ಚೆಯಲ್ಲಿ ಭಾರತದ ಒಂದು ಊರಿನ ಹೆಸರು ಶಾಶ್ವತವಾಗಿ ಸೇರಿಕೊಂಡಿದೆ. ಕಲ್ಕತ್ತಾ ಹತ್ತಿರದ ಡಮ್‌ಡಮ್. ಬ್ರಿಟಿಷರ .303 ರೈಫಲಿನ ಗುಂಡು ದೇಹದೊಳಗೆ ಹೊಕ್ಕು ಆಚೆ ಹೋಗಿಬಿಡುತ್ತದೆ, ಮನುಷ್ಯ ನಿಲ್ಲುವುದಿಲ್ಲ ಅಂತ ಗಡಿಯ ಸೈನಿಕರ ದೂರು ಇತ್ತು. ಅದಕ್ಕೆ 1890ರ ದಶಕದಲ್ಲಿ ಡಮ್‌ಡಮ್ ಆಯುಧಾಗಾರದಲ್ಲಿ, ತಾಗಿದ ಕೂಡಲೇ ಅರಳುವ, ತುದಿ ತೆರೆದ ಗುಂಡು ತಯಾರಾಯಿತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನು ನಿಷೇಧಿಸಿತು, ಕ್ರೂರ ಅಂತ. ಆದರೆ ಅದೇ ಮಾದರಿಯ ಗುಂಡನ್ನು ಎಷ್ಟೋ ದೇಶಗಳ ಪೊಲೀಸರು ಈಗಲೂ ಬಳಸುತ್ತಾರೆ. ಅವರ ಕಾರಣ: ತಾಗಿದಲ್ಲೇ ನಿಂತರೆ ಹಿಂದೆ ಇರುವ ಅಮಾಯಕರಿಗೆ ಹೋಗುವುದಿಲ್ಲ. ಒಂದೇ ಗುಂಡು, ನಿಂತು ನೋಡುವ ಜಾಗ ಬೇರೆ.

ಗುಂಡು ಎಲ್ಲಿ ನಿಲ್ಲುತ್ತದೆ? ಅಜ್ಜನ ಬಾಗಿಲಿನ ಪ್ರಶ್ನೆಯೂ ಇದೇ ಅಲ್ವಾ.

ಲೆಕ್ಕ ನೋಡಿ. ನಮ್ಮದು 12 ಬೋರ್. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಉಂಡೆ ಮಾಡಿದರೆ ಒಂದು ಉಂಡೆ ಹಿಡಿಯುವಷ್ಟು ಅಗಲದ ನಳಿಗೆ ಅಂತ ಅರ್ಥ, ಸುಮಾರು 18.5 ಮಿಲಿಮೀಟರ್. ಇದರ ತೋಟೆಯೊಳಗೆ ಯಾವ ಚರೆ ಇದೆ ಅನ್ನೋದನ್ನು ಹಳೆಯ ಇಂಗ್ಲಿಷ್ ಹೆಸರುಗಳಲ್ಲೇ ಹೇಳುತ್ತಾರೆ. ಒಂದು ಔನ್ಸಿಗೆ, ಅಂದರೆ 28 ಗ್ರಾಂ ಚಿಲ್ಲರೆಗೆ, ಎಲ್‌ಜಿಯಲ್ಲಿ ಆರೇ ಉಂಡೆ, ಒಂದೊಂದೂ 9 ಮಿಲಿಮೀಟರ್ ದಪ್ಪ. ಎಸ್‌ಜಿಯಲ್ಲಿ ಎಂಟು. ಬಿಬಿಯಲ್ಲಿ ಸುಮಾರು 70 ಚರೆ, ತಲಾ 4 ಮಿಲಿಮೀಟರ್. ನಾಲ್ಕು ನಂಬರಿನಲ್ಲಿ 170, ತಲಾ 3 ಮಿಲಿಮೀಟರ್.

ಚರೆ ಎಷ್ಟು ದೂರ ಹೋಗಬಹುದು ಅಂತ ಅಂದಾಜು ಮಾಡಲಿಕ್ಕೆ ಫ್ರಾನ್ಸಿನ ಸೇನಾಧಿಕಾರಿ ಜೂರ್ನೆ ಕೊಟ್ಟ ಸರಳ ಸೂತ್ರ ಉಂಟು: ಚರೆಯ ದಪ್ಪವನ್ನು ಇಂಚಿನಲ್ಲಿ ತೆಗೆದುಕೊಂಡು 2200ರಿಂದ ಗುಣಿಸಿದರೆ ಗರಿಷ್ಠ ದೂರ ಗಜಗಳಲ್ಲಿ ಸಿಗುತ್ತದೆ. ಕೂತು ಗುಣಿಸಿದೆ. ನಾಲ್ಕು ನಂಬರು ಸುಮಾರು 240 ಮೀಟರ್. ಬಿಬಿ 320 ಮೀಟರ್. ಎಲ್‌ಜಿ 720 ಮೀಟರ್.

ಇನ್ನೊಂದು ಲೆಕ್ಕ. ಬಾಯಿ ಕಿರಿದು ಮಾಡದ ನೇರ ನಳಿಗೆಯಿಂದ 40 ಗಜ ದೂರಕ್ಕೆ ಹೊಡೆದರೆ, ಚರೆಯಲ್ಲಿ ಶೇಕಡಾ 40 ಮಾತ್ರ 30 ಇಂಚಿನ ವೃತ್ತದೊಳಗೆ ಬೀಳುತ್ತದೆ ಅನ್ನೋದು ಕೋವಿ ತಯಾರಕರ ಹಳೆಯ ಅಳತೆ. ಅಂದರೆ ಆರು ಎಲ್‌ಜಿ ಉಂಡೆಗಳಲ್ಲಿ ಎರಡೋ ಮೂರೋ ಹಂದಿಯ ಹತ್ತಿರ. ಉಳಿದ ಮೂರ್ನಾಲ್ಕು ಎಲ್ಲಿಗೆ? 720 ಮೀಟರಿನೊಳಗೆ ಎಲ್ಲಿಗೂ. ಮ್ಯಾಪಿನಲ್ಲಿ ನಮ್ಮ ಮನೆ ಮಧ್ಯೆ ಇಟ್ಟು 720 ಮೀಟರಿನ ವೃತ್ತ ಎಳೆದೆ. ಒಳಗೆ 31 ಮನೆ, ಒಂದು ಅಂಗನವಾಡಿ, ಒಂದು ಹಾಲಿನ ಡಿಪೋ ಬಂದವು.

ಎಲ್‌ಜಿಯದ್ದೇ ಹೀಗಾದರೆ ರೈಫಲಿನ ಕಥೆ ಕೇಳಬೇಡಿ. ಸಣ್ಣ .22 ಗುಂಡಿನ ಪೆಟ್ಟಿಗೆಯ ಮೇಲೇ ಒಂದೂವರೆ ಮೈಲಿವರೆಗೆ ಅಪಾಯ ಅಂತ ಎಚ್ಚರಿಕೆ ಬರೆದಿರುತ್ತಾರೆ. ಬೆಂಗಳೂರಿನ ಕೆನೆತ್ ಆಂಡರ್ಸನ್ .405 ವಿಂಚೆಸ್ಟರ್ ಹಿಡಿದು ನರಭಕ್ಷಕಗಳ ಹಿಂದೆ ಹೋಗುತ್ತಿದ್ದರು, ತೇಜಸ್ವಿಯವರ ಅನುವಾದದಲ್ಲಿ ಓದಿ ನಾವೆಲ್ಲ ರೋಮಾಂಚನಗೊಂಡವರೇ. ಆದರೆ ಅವರು ಕೂರುತ್ತಿದ್ದದ್ದು ಕಾಡಿನ ಮಧ್ಯೆ, ಮರದ ಮೇಲೆ. ಗುಂಡು ಕೆಳಗೆ ಮಣ್ಣಿಗೆ ಹೋಗುತ್ತಿತ್ತು. ತೋಡಿನ ಆಚೆ ಯಾರೂ ಚಾಪೆ ಹಾಕಿ ಮಲಗಿರಲಿಲ್ಲ. ನಯ ನಳಿಗೆಯನ್ನಷ್ಟೇ ಕೊಡುವ ಕಾನೂನಿನ ಬಗ್ಗೆ, ಸರ್ಕಾರಕ್ಕೆ ರೈತನ ಮೇಲೆ ನಂಬಿಕೆ ಇಲ್ಲ ಅಂತ ನಾನೂ ಮೊದಲು ಅಂದುಕೊಂಡಿದ್ದೆ. 1878ರವರ ಮನಸ್ಸಿನಲ್ಲಿ ಇದ್ದದ್ದು ನಿಜವಾಗಿ ಆ ಅಪನಂಬಿಕೆಯೇ. ಆದರೆ ನಮ್ಮ ಊರಿನ ನಕ್ಷೆ ನೋಡಿದ ಮೇಲೆ, ಉದ್ದೇಶ ಏನೇ ಇರಲಿ, ಈ ಗೆರೆ ನಮ್ಮ ಹಿತಕ್ಕೇ ಇದೆ ಅನ್ನಿಸಿತು.

ಹಾಗಾದರೆ ರಕ್ಷಣೆ? ಇದನ್ನು ತಮಾಷೆ ಮಾಡುವ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಆನೆ ಇಬ್ಬರನ್ನು ಕೊಂದಿತು. ಹಾಲಿನ ಸೊಸೈಟಿಗೆ ಹೊರಟಿದ್ದ ಹುಡುಗಿ, ಅವಳ ಕೂಗು ಕೇಳಿ ಓಡಿ ಬಂದವರು. ಅವತ್ತಿನಿಂದ ನಮ್ಮ ಅಮ್ಮ ಬೆಳಕು ಹರಿಯದೆ ಅಂಗಳ ದಾಟುವುದಿಲ್ಲ. ಆದರೆ 12 ಬೋರಿನ ಯಾವ ತೋಟೆಯೂ ಆನೆಗೆ ಉತ್ತರ ಅಲ್ಲ. ಗಾಯ ಮಾಡಿದರೆ ಸಿಟ್ಟು ಹೆಚ್ಚಾಗಿ ಮುಂದಿನ ಮನೆಗೆ ನುಗ್ಗುತ್ತದೆ. ಹಂದಿಗೂ ಅಷ್ಟೆ, ಸಣ್ಣ ಚರೆ ತಾಗಿದ ಹಂದಿ ತಾಗದ ಹಂದಿಗಿಂತ ಅಪಾಯ. ಕಾನೂನಿನ ಮಾತು ಬೇರೆ ಉಂಟು: ಬೆಳೆಗೆ ಅಪಾಯವಾದಾಗಲೂ ಹಂದಿ ಹೊಡೆಯಲಿಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು.

ನಿಜವಾಗಿ ಪ್ರಾಣಿಗಳನ್ನು ಓಡಿಸುವುದು ಸದ್ದು. ಅದಕ್ಕೇ ಊರಲ್ಲಿ ಗರ್ನಾಲು ಬಂದದ್ದು. ಅದಕ್ಕೇ ತುಳುವಿನಲ್ಲಿ ಕೋವಿಗೂ ಸುಡುಮದ್ದಿಗೂ ಒಂದೇ ಹೆಸರು ಅಂತ ನನ್ನ ಅಂದಾಜು, ಭಾಷಾಶಾಸ್ತ್ರದವರು ಕ್ಷಮಿಸಲಿ. ಚುನಾವಣೆ ಬಂದರೆ ಕೋವಿಯನ್ನು ಠಾಣೆಯಲ್ಲಿಡಿ ಅಂತ ಆದೇಶ ಬರುತ್ತದೆ. ಏಪ್ರಿಲ್, ಮೇಯಲ್ಲಿ ಅಡಿಕೆ ತೋಟ ಬರಿಗೈಯಲ್ಲಿ ಕಾಯಬೇಕಾ ಅಂತ ಜಿಲ್ಲೆಯ ಕೃಷಿಕರು ಹೈಕೋರ್ಟಿಗೆ ಹೋದದ್ದೂ ಉಂಟು. ಅವರ ಸಂಕಟ ನಿಜ. ಅಪ್ಪನೂ ಪ್ರತಿ ಸಲ ಗೊಣಗುತ್ತಾರೆ. ಆದರೆ ಕೋವಿ ಠಾಣೆಯಲ್ಲಿದ್ದ ತಿಂಗಳುಗಳಲ್ಲಿ ನಮ್ಮ ತೋಟ ಉಳಿದದ್ದು ಯಾವುದರಿಂದ ಅಂತ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಯಿ, ತಗಡು ಡಬ್ಬಿ, ಮತ್ತೆ ನಿದ್ದೆಗೆಡೋದು" ಅಂತಾರೆ.

ಮುಂದಿನ ವಾರ ಮತ್ತೆ ಅಂಗಡಿಗೆ ಹೋದೆವು. ಅಂಗಡಿಯವರು ಅದೇ ಪ್ರಶ್ನೆ ಕೇಳಿದರು. ಅಪ್ಪ ಮತ್ತೆ ನನ್ನ ಕಡೆ ನೋಡಿದರು.

"ನಾಲ್ಕು ನಂಬರ್ ಸಾಕು," ಅಂದೆ.

"ಹಂದಿಗೆ ಏನೂ ಆಗ್ಲಿಕ್ಕಿಲ್ಲ ಅದು," ಅಂದರು ಅಂಗಡಿಯವರು.

"ಆಗೋದು ಬೇಡ. ಹೊಡೆಯೋದು ಸದ್ದಿಗೆ."

ಅಪ್ಪ ನಕ್ಕರು. ಲೈಸನ್ಸ್ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ, ಪೆಟ್ಟಿಗೆ ತೆಗೆದುಕೊಂಡರು. ವಾರಸುದಾರಿಕೆಯ ಅರ್ಜಿ ನಮೂನೆ ನನ್ನ ಬ್ಯಾಗಿನಲ್ಲಿದೆ, ಇನ್ನೂ ತುಂಬಿಸಿಲ್ಲ. ಬೆಂಗಳೂರಿನಲ್ಲಿ ಇದ್ದುಕೊಂಡು ರಾಮಕುಂಜದ ಕೋವಿಗೆ ಜವಾಬ್ದಾರಿ ಆಗಬಹುದಾ ಅನ್ನೋದನ್ನು ಯೋಚಿಸುತ್ತಾ ಇದ್ದೇನೆ.

ಹೊರಡುವ ಮೊದಲು ತೋಡು ದಾಟಿ ಆಚೆ ಮನೆಗೆ ಹೋದೆ. ಮನೆ ಈಗ ಆರ್‌ಸಿಸಿ ಆಗಿದೆ. ಆದರೆ ಹಳೆಯ ಹಲಸಿನ ಬಾಗಿಲನ್ನು ಅವರು ಎಸೆದಿಲ್ಲ, ಹಟ್ಟಿಗೆ ಹಾಕಿದ್ದಾರೆ. ಸೀಸದ ಉಂಡೆ ಯಾವಾಗಲೋ ಉದುರಿ ಹೋಗಿದೆ. ಗುಳಿ ಉಂಟು. ಬೆರಳಿಟ್ಟು ನೋಡಿದೆ, ಕಿರುಬೆರಳಿನ ತುದಿ ಸರಿಯಾಗಿ ಕೂರುತ್ತದೆ.